ಕಳಚಿಟ್ಟ ಎಂಜಿನ್ ಕಲಿಸುವ ಪಾಠ: ರೈಲು ಮಾದರಿ ತಯಾರಕರಿಗೆ ಕಾರ್ಯಾಗಾರವೇ ಶಾಲೆ

ಉಗಿ ಎಂಜಿನ್‌ನ ಪುಟ್ಟ ಮಾದರಿಯೊಂದನ್ನು ಕೈಯಾರೆ ತಯಾರಿಸಲು ಹೊರಟವರು ಮೊದಲು ಹುಡುಕುವುದು ಛಾಯಾಚಿತ್ರಗಳನ್ನು, ನಂತರ ನಕಾಶೆಗಳನ್ನು. ಇವೆರಡೂ ಕೈಸೇರಿದ ಮೇಲೂ ಕೆಲಸ ಅರ್ಧಕ್ಕೆ ನಿಲ್ಲುವುದುಂಟು. ಬಾಯ್ಲರ್ ಕೆಳಗಿನ ಕೊಳವೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ, ನೀರಿನ ತೊಟ್ಟಿಯ ಹಿಂದೆ ಏನಿದೆ, ಚಕ್ರಗಳ ನಡುವಿನ ಕತ್ತಲಲ್ಲಿ ಯಾವ ಸನ್ನೆಗೋಲು ಯಾವುದಕ್ಕೆ ಜೋಡಣೆಯಾಗಿದೆ ಎಂಬುದನ್ನು ಛಾಯಾಚಿತ್ರ ಹೇಳುವುದಿಲ್ಲ. ನಕಾಶೆ ಹೇಳುತ್ತದೆಯಾದರೂ ಅದು ಎಂಜಿನ್ ಹುಟ್ಟಿದ ದಿನದ ಸ್ಥಿತಿ. ನಂತರದ ನೂರು ವರ್ಷಗಳಲ್ಲಿ ಆದ ಬದಲಾವಣೆಗಳು ಅದರಲ್ಲಿ ಇರುವುದಿಲ್ಲ.

ಈ ಕೊರತೆಯನ್ನು ತುಂಬಿಕೊಡುವ ಸ್ಥಳವೆಂದರೆ ಪಾರಂಪರಿಕ ರೈಲ್ವೆಯ ಕಾರ್ಯಾಗಾರ. ಅಲ್ಲಿ ಎಂಜಿನ್ ಬಿಚ್ಚಿದ ಸ್ಥಿತಿಯಲ್ಲಿ ದೊರೆಯುತ್ತದೆ. ಬ್ರಿಟನ್ನಿನಲ್ಲಿ ರೈಲು ಮಾದರಿ ತಯಾರಿಕೆ ಹಲವು ತಲೆಮಾರುಗಳಿಂದ ಬೇರೂರಿರುವ ಹವ್ಯಾಸ. ಅಲ್ಲಿನ ಹವ್ಯಾಸಿಗಳು ರಜೆಯ ದಿನಗಳಲ್ಲಿ ಇಂಥ ಕಾರ್ಯಾಗಾರಗಳಿಗೆ ಅಳತೆಪಟ್ಟಿ ಹಿಡಿದು ಹೋಗುವುದು ಸಾಮಾನ್ಯ ಸಂಗತಿ. ಅಂಥ ತಾಣಗಳ ಪೈಕಿ ವೇಲ್ಸ್ ಪ್ರಾಂತ್ಯದ ಫೆಸ್ಟಿನಿಯಾಗ್ ರೈಲ್ವೆಗೆ ಸೇರಿದ ಬಾಸ್ಟನ್ ಲಾಡ್ಜ್ ಕಾರ್ಯಾಗಾರಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿ ಕಲಿಯಬಹುದಾದುದೇನು, ಮೀಟರ್‌ಗೇಜ್ ಮತ್ತು ನ್ಯಾರೋಗೇಜ್ ಹಳಿಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವ ಕರ್ನಾಟಕಕ್ಕೆ ಆ ಪಾಠ ಹೇಗೆ ಅನ್ವಯಿಸುತ್ತದೆ ಎಂಬುದರ ವಿವರಣೆ ಇಲ್ಲಿದೆ.

ಒಡ್ಡಿನ ತುದಿಯ ಕಾರ್ಯಾಗಾರ

ವೇಲ್ಸ್‌ನ ವಾಯವ್ಯ ಕರಾವಳಿಯಲ್ಲಿರುವ ಪೋರ್ತ್‌ಮಾಡಾಗ್ ಬಂದರಿನ ಬಳಿ, ಸಮುದ್ರದ ನೀರನ್ನು ತಡೆದು ಭೂಮಿಯನ್ನು ಪಡೆಯುವ ಉದ್ದೇಶದಿಂದ ವಿಲಿಯಂ ಮ್ಯಾಡಕ್ಸ್ ಎಂಬ ಭೂಮಾಲೀಕರು 1808 ಮತ್ತು 1811ರ ನಡುವೆ ಸುಮಾರು ಒಂದು ಮೈಲಿ ಉದ್ದದ ಒಡ್ಡನ್ನು ಕಟ್ಟಿಸಿದರು. ಅದಕ್ಕೆ ಬೇಕಾದ ಕಲ್ಲನ್ನು ಒಡ್ಡಿನ ಪೂರ್ವ ತುದಿಯಲ್ಲಿದ್ದ ಗುಡ್ಡದಿಂದ ತೆಗೆಯಲಾಯಿತು. ಕೆಲಸಗಾರರಿಗಾಗಿ ಅಲ್ಲಿಯೇ ವಸತಿ ಕಟ್ಟಡ ಎದ್ದಿತು. ಮ್ಯಾಡಕ್ಸ್ ಅವರು ಇಂಗ್ಲೆಂಡಿನ ಬಾಸ್ಟನ್ ಕ್ಷೇತ್ರದ ಸಂಸತ್ ಸದಸ್ಯರಾಗಿದ್ದುದರಿಂದ ಆ ಜಾಗಕ್ಕೆ ಬಾಸ್ಟನ್ ಲಾಡ್ಜ್ ಎಂಬ ಹೆಸರು ಬಂತು.

ಫೆಸ್ಟಿನಿಯಾಗ್ ರೈಲ್ವೆ 1832ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅಸ್ತಿತ್ವಕ್ಕೆ ಬಂದು, 1836ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಬೆಟ್ಟದ ಮೇಲಿನ ಗಣಿಗಳಿಂದ ಸ್ಲೇಟುಕಲ್ಲನ್ನು ಬಂದರಿಗೆ ಇಳಿಸುವುದು ಇದರ ಕೆಲಸ. ಹಿಂದಿನ ತಲೆಮಾರಿನ ಕನ್ನಡ ಶಾಲಾ ಮಕ್ಕಳು ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟೂ ಇದೇ ಜಾತಿಯ ಕಲ್ಲು. ಯುರೋಪಿನಲ್ಲಿ ಇದು ಮನೆಯ ಮಾಡಿಗೆ ಹೆಂಚಿನಂತೆ ಬಳಕೆಯಾಗುತ್ತಿತ್ತು. ಸುಮಾರು 22 ಕಿ.ಮೀ. ಉದ್ದದ ಈ ಮಾರ್ಗವನ್ನು ಒಂದೇ ಸಮನಾದ ಇಳಿಜಾರಿನಲ್ಲಿ ನಿರ್ಮಿಸಲಾಗಿದ್ದರಿಂದ ತುಂಬಿದ ವ್ಯಾಗನ್‌ಗಳು ಎಂಜಿನ್ ಇಲ್ಲದೆಯೇ ತಮ್ಮ ತೂಕದಿಂದಲೇ ಕೆಳಗೆ ಉರುಳಿ ಬರುತ್ತಿದ್ದವು. ಖಾಲಿ ವ್ಯಾಗನ್‌ಗಳನ್ನು ಮೇಲಕ್ಕೆ ಎಳೆಯುತ್ತಿದ್ದ ಕುದುರೆಗಳು ಇಳಿಯುವಾಗ ಪ್ರತ್ಯೇಕ ವ್ಯಾಗನ್‌ನಲ್ಲಿ ನಿಂತು ಸವಾರಿ ಮಾಡುತ್ತಿದ್ದವು.

ಆ ವ್ಯಾಗನ್‌ಗಳ ದುರಸ್ತಿಗಾಗಿ ಬಾಸ್ಟನ್ ಲಾಡ್ಜ್‌ನಲ್ಲಿ ಕುಲುಮೆ, ಎರಕದ ಮನೆ, ಬಡಗಿ ಶಾಲೆಗಳು ಹುಟ್ಟಿಕೊಂಡವು. 1863ರಲ್ಲಿ ಉಗಿ ಎಂಜಿನ್‌ಗಳು ಬಂದ ಮೇಲೆ ಕಾರ್ಯಾಗಾರ ಇನ್ನಷ್ಟು ಬೆಳೆಯಿತು. ಇಂದಿಗೂ ಕೆಲಸ ಮಾಡುತ್ತಿರುವ ರೈಲ್ವೆ ಕಾರ್ಯಾಗಾರಗಳ ಪೈಕಿ ಜಗತ್ತಿನಲ್ಲೇ ಅತ್ಯಂತ ಹಳೆಯದು ಎಂದು ಇದನ್ನು ಪರಿಗಣಿಸಲಾಗುತ್ತದೆ. ಸ್ಲೇಟು ಉದ್ಯಮ ಕುಸಿದು 1946ರಲ್ಲಿ ರೈಲ್ವೆ ಮುಚ್ಚಿತಾದರೂ, ಹವ್ಯಾಸಿಗಳ ಪ್ರಯತ್ನದಿಂದ 1955ರಲ್ಲಿ ಒಡ್ಡಿನ ಮೇಲಿನ ಭಾಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. 1982ರಲ್ಲಿ ಮಾರ್ಗ ಪೂರ್ಣವಾಗಿ ಬ್ಲೈನಾಯ್ ಫೆಸ್ಟಿನಿಯಾಗ್ ಪಟ್ಟಣವನ್ನು ತಲುಪಿತು. ಈ ರೈಲ್ವೆಯನ್ನೂ ಒಳಗೊಂಡ ವಾಯವ್ಯ ವೇಲ್ಸ್‌ನ ಸ್ಲೇಟು ಭೂಪ್ರದೇಶ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಎರಡು ಮುಖದ ಎಂಜಿನ್

ಮಾದರಿ ತಯಾರಕರನ್ನು ಬಾಸ್ಟನ್ ಲಾಡ್ಜ್ ಸೆಳೆಯಲು ಮುಖ್ಯ ಕಾರಣ ಅಲ್ಲಿನ 'ಡಬಲ್ ಫೇರ್ಲಿ' ಎಂಜಿನ್‌ಗಳು. ರಾಬರ್ಟ್ ಫೇರ್ಲಿ ಎಂಬ ಎಂಜಿನಿಯರ್ 1864ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿನ್ಯಾಸ ಇದು. ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದ ಎರಡು ಎಂಜಿನ್‌ಗಳಂತೆ ಇದು ಕಾಣುತ್ತದೆ. ಎರಡೂ ತುದಿಗಳಲ್ಲಿ ಚಿಮಣಿ, ನಡುವೆ ಬೆಂಕಿಪೆಟ್ಟಿಗೆ ಮತ್ತು ಚಾಲಕರ ಕೊಠಡಿ. ಬೆಂಕಿಪೆಟ್ಟಿಗೆ ಕೊಠಡಿಯ ಮಧ್ಯವನ್ನೇ ಆಕ್ರಮಿಸಿಕೊಂಡಿರುವುದರಿಂದ ಚಾಲಕ ಒಂದು ಬದಿಯಲ್ಲಿಯೂ, ಬೆಂಕಿ ಹಾಕುವವನು ಇನ್ನೊಂದು ಬದಿಯಲ್ಲಿಯೂ ನಿಂತು ಕೆಲಸ ಮಾಡಬೇಕಾಗುತ್ತದೆ.

ಬಾಯ್ಲರ್ ಕೆಳಗೆ ಎರಡು ಬೋಗಿಗಳಿವೆ. ಕನ್ನಡದ ಆಡುಮಾತಿನಲ್ಲಿ ಬೋಗಿ ಎಂದರೆ ಪ್ರಯಾಣಿಕರು ಕೂರುವ ಇಡೀ ಡಬ್ಬಿ. ರೈಲ್ವೆ ತಂತ್ರಜ್ಞರ ಭಾಷೆಯಲ್ಲಿ ಅದು ಡಬ್ಬಿ ಅಥವಾ ಎಂಜಿನ್ ಕೆಳಗಿದ್ದು, ತಿರುವಿಗೆ ತಕ್ಕಂತೆ ತಾನೂ ತಿರುಗುವ ಚಕ್ರಗಳ ಚೌಕಟ್ಟು. ಫೇರ್ಲಿ ಎಂಜಿನ್‌ನಲ್ಲಿ ಈ ಚೌಕಟ್ಟುಗಳಿಗೇ ಸಿಲಿಂಡರ್‌ಗಳನ್ನು ಜೋಡಿಸಲಾಗಿದೆ. ಹೀಗಾಗಿ ಉದ್ದನೆಯ ಎಂಜಿನ್ ಕಡಿದಾದ ತಿರುವುಗಳಲ್ಲಿಯೂ ಸಲೀಸಾಗಿ ಸಾಗುತ್ತದೆ. ಆದರೆ ಅತ್ತಿತ್ತ ತಿರುಗುವ ಚೌಕಟ್ಟಿಗೆ ಬಾಯ್ಲರ್‌ನಿಂದ ಉಗಿಯನ್ನು ತಲುಪಿಸುವುದು ಹೇಗೆ? ಅದಕ್ಕಾಗಿ ಬಾಗುವ ಕೀಲುಗಳಿರುವ ಕೊಳವೆಗಳು ಬೇಕು. ಹೊರಗಿನಿಂದ ತೆಗೆದ ಚಿತ್ರದಲ್ಲಿ ಈ ಕೀಲುಗಳು ಕಾಣುವುದು ದುರ್ಲಭ. ಬೋಗಿಯನ್ನು ಎಂಜಿನ್‌ನಿಂದ ಹೊರಕ್ಕೆ ತಳ್ಳಿ ದುರಸ್ತಿಗೆ ಇರಿಸಿದಾಗ ಮಾತ್ರ ಅವು ಕಣ್ಣಿಗೆ ಬೀಳುತ್ತವೆ.

1869ರಲ್ಲಿ ಬಂದ 'ಲಿಟಲ್ ವಂಡರ್' ಈ ರೈಲ್ವೆಯ ಮೊದಲ ಡಬಲ್ ಫೇರ್ಲಿ. ಅದರ ಯಶಸ್ಸಿನ ಬಳಿಕ ಇದೇ ಬಗೆಯ ಎಂಜಿನ್‌ಗಳನ್ನು ಬಾಸ್ಟನ್ ಲಾಡ್ಜ್‌ನಲ್ಲಿಯೇ ನಿರ್ಮಿಸಲಾಯಿತು. 1879ರ 'ಮೆರ್ದಿನ್ ಎಮ್ರಿಸ್' ಮತ್ತು 1886ರ 'ಲಿವಿಂಗ್‌ಸ್ಟನ್ ಥಾಂಪ್ಸನ್' ಈ ಪೈಕಿ ಮೊದಲಿನವು. ಅಚ್ಚರಿಯೆಂದರೆ ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. 1979, 1992 ಮತ್ತು 2023ರಲ್ಲಿಯೂ ಹೊಸ ಡಬಲ್ ಫೇರ್ಲಿಗಳು ಇದೇ ಕಾರ್ಯಾಗಾರದಿಂದ ಹೊರಬಂದಿವೆ.

ಅಕ್ಕ ದುಡಿಮೆಯಲ್ಲಿ, ತಂಗಿ ವಸ್ತುಸಂಗ್ರಹಾಲಯದಲ್ಲಿ

ವಸ್ತುಸಂಗ್ರಹಾಲಯಕ್ಕೂ ಕಾರ್ಯಾಗಾರಕ್ಕೂ ಇರುವ ವ್ಯತ್ಯಾಸವನ್ನು ಅರಿಯಲು ಮೇಲೆ ಹೇಳಿದ ಎರಡು ಎಂಜಿನ್‌ಗಳೇ ಸಾಕು. ಅವು ಒಂದೇ ಕಾರ್ಯಾಗಾರದಲ್ಲಿ ಏಳು ವರ್ಷಗಳ ಅಂತರದಲ್ಲಿ ಹುಟ್ಟಿದ ಅಕ್ಕತಂಗಿಯರು. ಲಿವಿಂಗ್‌ಸ್ಟನ್ ಥಾಂಪ್ಸನ್ 1971ರಲ್ಲಿ ಸೇವೆಯಿಂದ ನಿವೃತ್ತಿಯಾಗಿ, ಈಗ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಬಣ್ಣ ಬಳಿದುಕೊಂಡು ನಿಂತಿದೆ. ಮೆರ್ದಿನ್ ಎಮ್ರಿಸ್ ಸೇವೆಯಲ್ಲಿಯೇ ಉಳಿದು, ಕಾಲಕಾಲಕ್ಕೆ ಬಾಸ್ಟನ್ ಲಾಡ್ಜ್‌ಗೆ ದುರಸ್ತಿಗೆ ಬರುತ್ತ ಬಂದಿದೆ.

ವಸ್ತುಸಂಗ್ರಹಾಲಯದ ಎಂಜಿನ್ ಮಾದರಿ ತಯಾರಕನಿಗೆ ಸ್ಥಿರವಾದ ಆಕಾರವನ್ನು ಕೊಡುತ್ತದೆ. ಬೆಳಕು ಚೆನ್ನಾಗಿರುತ್ತದೆ, ಸುತ್ತಲೂ ನಡೆದು ನೋಡಬಹುದು, ಮತ್ತೆ ಬೇಕಾದರೆ ಮುಂದಿನ ವರ್ಷವೂ ಅದು ಅಲ್ಲಿಯೇ ಇರುತ್ತದೆ. ಆದರೆ ಅದರ ಭಾಗಗಳು ಒಂದರೊಳಗೊಂದು ಮುಚ್ಚಿಕೊಂಡಿರುತ್ತವೆ. ಕಾರ್ಯಾಗಾರದ ಎಂಜಿನ್ ಹಾಗಲ್ಲ. ಒಂದು ದಿನ ಬಾಯ್ಲರ್ ಹೊರಗಿರುತ್ತದೆ, ಇನ್ನೊಂದು ದಿನ ಚಕ್ರಗಳು. ಹೊಗೆಪೆಟ್ಟಿಗೆಯ ಬಾಗಿಲು ತೆರೆದಿದ್ದರೆ ಒಳಗಿನ ಕೊಳವೆಗಳ ತುದಿಗಳು ಜೇನುಗೂಡಿನಂತೆ ಸಾಲುಗಟ್ಟಿ ಕಾಣುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಜೋಡಣೆಯ ಕ್ರಮ. ಯಾವುದನ್ನು ಮೊದಲು ಕೂರಿಸಿದರೆ ಯಾವುದು ನಂತರ ಕೂರುತ್ತದೆ ಎಂಬುದು ದೊಡ್ಡ ಎಂಜಿನ್‌ಗೂ ಅಂಗೈ ಅಗಲದ ಮಾದರಿಗೂ ಸಮಾನವಾದ ಸಮಸ್ಯೆ. ನೀರಿನ ತೊಟ್ಟಿಯನ್ನು ಬೆಸುಗೆ ಹಾಕಿ ಮುಗಿಸಿದ ಮೇಲೆ ಅದರ ಹಿಂದಿನ ಕೊಳವೆಯನ್ನು ಕೂರಿಸಲಾಗದೆ ಒದ್ದಾಡುವ ಹವ್ಯಾಸಿ, ಕಾರ್ಯಾಗಾರದ ಕೆಲಸಗಾರರು ಅದೇ ತೊಟ್ಟಿಯನ್ನು ಬೋಲ್ಟುಗಳ ಮೂಲಕ ಕಳಚುವಂತೆ ಏಕೆ ಮಾಡಿದ್ದಾರೆ ಎಂಬುದನ್ನು ಒಮ್ಮೆ ನೋಡಿದರೆ ಮತ್ತೆ ಆ ತಪ್ಪು ಮಾಡುವುದಿಲ್ಲ.

ಎರಕದ ಕೆಲಸದಲ್ಲಿಯೂ ಇಂಥದೇ ಸಾಮ್ಯವಿದೆ. ಕಬ್ಬಿಣದ ಭಾಗವನ್ನು ಎರಕ ಹೊಯ್ಯುವ ಮುನ್ನ ಅದರ ಆಕಾರವನ್ನು ಮರದಲ್ಲಿ ಕೆತ್ತಿ, ಮರಳಿನಲ್ಲಿ ಒತ್ತಿ ಅಚ್ಚು ಪಡೆಯುತ್ತಾರೆ. ಕರಗಿದ ಎರಕದ ಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುವುದರಿಂದ ಮರದ ಆಕೃತಿಯನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿ ಕೆತ್ತಬೇಕಾಗುತ್ತದೆ. ಮೇಣದ ಅಚ್ಚಿನಿಂದ ಹಿತ್ತಾಳೆಯ ಪುಟ್ಟ ಚಿಮಣಿಯನ್ನು ಎರಕ ಹೊಯ್ಯುವ ಹವ್ಯಾಸಿಯೂ ಇದೇ ಲೆಕ್ಕವನ್ನು ಹಾಕಬೇಕು. ಅನುಭವಿ ಕೆಲಸಗಾರರ ಜೊತೆಗಿನ ಹತ್ತು ನಿಮಿಷಗಳ ಮಾತುಕತೆ ಇಂಥ ವಿಷಯಗಳಲ್ಲಿ ಪುಸ್ತಕಕ್ಕಿಂತ ಹೆಚ್ಚು ಉಪಯುಕ್ತ.

ಯಾವ ವರ್ಷದ ಎಂಜಿನ್?

ಕಾರ್ಯಾಗಾರ ಕಲಿಸುವ ಇನ್ನೊಂದು ಪಾಠವೆಂದರೆ ಎಂಜಿನ್‌ಗೆ ಒಂದೇ ಒಂದು 'ನಿಜವಾದ' ರೂಪ ಇರುವುದಿಲ್ಲ ಎಂಬುದು. ಈಗ ಯಾರ್ಕ್‌ನಲ್ಲಿರುವ ಎಂಜಿನ್‌ನ ಕಥೆಯೇ ಇದಕ್ಕೆ ಸಾಕ್ಷಿ. ಲಿವಿಂಗ್‌ಸ್ಟನ್ ಥಾಂಪ್ಸನ್ ಎಂದು ಹುಟ್ಟಿದ ಅದು ಮುಂದೆ 'ಟಾಲಿಯೆಸಿನ್' ಎಂದೂ, ಆಮೇಲೆ 'ಅರ್ಲ್ ಆಫ್ ಮೆರಿಯೊನೆತ್' ಎಂದೂ ಹೆಸರು ಬದಲಿಸಿಕೊಂಡಿತು. ನಿವೃತ್ತಿಯ ನಂತರ ಮೊದಲ ಹೆಸರಿಗೇ ಮರಳಿತು. ಅರ್ಲ್ ಆಫ್ ಮೆರಿಯೊನೆತ್ ಎಂಬ ಹೆಸರು 1979ರ ಹೊಸ ಎಂಜಿನ್ ಪಾಲಾಯಿತು. ಆ ಹೊಸ ಎಂಜಿನ್‌ನ ನೀರಿನ ತೊಟ್ಟಿಗಳು ಚೌಕಾಕಾರದಲ್ಲಿದ್ದುದರಿಂದ ಅದು ಹಳೆಯ ಎಂಜಿನ್‌ಗಳ ಉರುಟು ಸೊಬಗಿಗಿಂತ ತೀರ ಭಿನ್ನವಾಗಿ ಕಾಣುತ್ತಿತ್ತು. 2018ರಲ್ಲಿ ಅದೂ ಸೇವೆಯಿಂದ ಹಿಂದೆ ಸರಿಯಿತು. 2023ರ 'ಜೇಮ್ಸ್ ಸ್ಪೂನರ್' ಅದರ ಸ್ಥಾನವನ್ನು ತುಂಬಿದೆ.

ಇಂಧನದ ಬದಲಾವಣೆಯೂ ರೂಪವನ್ನು ಬದಲಿಸುತ್ತದೆ. ಈ ರೈಲ್ವೆಯ ಎಂಜಿನ್‌ಗಳು 1970ರ ದಶಕದಲ್ಲಿ ಕಲ್ಲಿದ್ದಲಿನಿಂದ ತೈಲಕ್ಕೆ ಹೊರಳಿ, 2000ದ ದಶಕದಲ್ಲಿ ಮತ್ತೆ ಕಲ್ಲಿದ್ದಲಿಗೆ ಮರಳಿದವು. ತೈಲದ ಕಾಲದ ಎಂಜಿನ್ ಮೇಲೆ ಕಲ್ಲಿದ್ದಲಿನ ರಾಶಿ ಇಟ್ಟರೆ ಅದು ಯಾವ ಕಾಲದ್ದೂ ಅಲ್ಲದ ಎಂಜಿನ್ ಆಗಿಬಿಡುತ್ತದೆ. ಆದ್ದರಿಂದ ಅನುಭವಿ ಮಾದರಿ ತಯಾರಕರು ಕೆಲಸ ಆರಂಭಿಸುವ ಮುನ್ನ ಒಂದು ವರ್ಷವನ್ನು ನಿಗದಿಪಡಿಸಿಕೊಳ್ಳುತ್ತಾರೆ. ಎಂಜಿನ್, ಅದರ ಬಣ್ಣ, ಎಳೆಯುವ ಡಬ್ಬಿಗಳು, ನಿಲ್ದಾಣದ ಫಲಕ ಎಲ್ಲವೂ ಆ ವರ್ಷಕ್ಕೆ ಹೊಂದಬೇಕು.

ಅಳತೆಪಟ್ಟಿಯ ಶಿಸ್ತು

ಬಾಸ್ಟನ್ ಲಾಡ್ಜ್‌ನಲ್ಲಿ ನಿಗದಿತ ದಿನಗಳಂದು ಮಾರ್ಗದರ್ಶಕರ ಜೊತೆ ಒಳಗೆ ಹೋಗಿ ನೋಡುವ ವ್ಯವಸ್ಥೆಯಿದೆ. ಇಲ್ಲಿಯಾಗಲಿ, ಬೇರೆಲ್ಲಿಯಾಗಲಿ ಕಾರ್ಯಾಗಾರಕ್ಕೆ ಹೋಗುವವರು ಪಾಲಿಸಬೇಕಾದ ಕೆಲವು ಕ್ರಮಗಳಿವೆ.

ಮೊದಲನೆಯದಾಗಿ, ಎಂಜಿನ್‌ನ ಚಿತ್ರವನ್ನು ಓರೆಯಾಗಿ ತೆಗೆಯುವುದಕ್ಕಿಂತ ನೇರ ಎದುರಿನಿಂದ ಮತ್ತು ನೇರ ಪಕ್ಕದಿಂದ, ಸಾಧ್ಯವಾದಷ್ಟು ದೂರದಲ್ಲಿ ನಿಂತು ತೆಗೆಯುವುದು ಒಳ್ಳೆಯದು. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ಹಿಗ್ಗಿ, ಹಿಂದಿನದು ಕುಗ್ಗಿ ಕಾಣುವುದರಿಂದ ಅಳತೆ ತಪ್ಪುತ್ತದೆ.

ಎರಡನೆಯದಾಗಿ, ಪ್ರತಿ ಚಿತ್ರದಲ್ಲಿಯೂ ಉದ್ದ ಗೊತ್ತಿರುವ ಒಂದು ವಸ್ತು ಇರಬೇಕು. ಹತ್ತು ಸೆಂಟಿಮೀಟರ್‌ಗೆ ಒಂದರಂತೆ ಕಪ್ಪು ಬಿಳಿ ಪಟ್ಟೆ ಬಳಿದ ಕೋಲೊಂದನ್ನು ಎಂಜಿನ್ ಪಕ್ಕಕ್ಕೆ ನಿಲ್ಲಿಸಿದರೆ, ಮನೆಗೆ ಬಂದ ನಂತರ ಚಿತ್ರದಿಂದಲೇ ಬೇಕಾದ ಅಳತೆಗಳನ್ನು ಲೆಕ್ಕ ಹಾಕಬಹುದು. ಕೋಲು ಅಳೆಯಬೇಕಾದ ಭಾಗದ ಸಮತಲದಲ್ಲಿಯೇ ಇರಬೇಕು ಎಂಬುದನ್ನು ಮರೆಯಬಾರದು.

ಮೂರನೆಯದಾಗಿ, ರಿವೆಟ್‌ಗಳನ್ನು ಎಣಿಸಬೇಕು. ತೊಟ್ಟಿಯ ಒಂದು ಅಂಚಿನಲ್ಲಿ ಎಷ್ಟು ರಿವೆಟ್‌ಗಳಿವೆ, ಅವುಗಳ ನಡುವಿನ ಅಂತರವೆಷ್ಟು ಎಂಬುದು ಆ ತಗಡಿನ ಒಟ್ಟು ಉದ್ದವನ್ನು ತಾಳೆ ನೋಡಲು ನೆರವಾಗುತ್ತದೆ. ರಿವೆಟ್ ಇರಬೇಕಾದಲ್ಲಿ ಬೆಸುಗೆಯ ಗೆರೆ ಕಂಡರೆ ಆ ಭಾಗ ನಂತರದ ದುರಸ್ತಿಯಲ್ಲಿ ಬದಲಾಗಿರುವ ಸಾಧ್ಯತೆ ಹೆಚ್ಚು.

ನಾಲ್ಕನೆಯದಾಗಿ, ಬಣ್ಣ ಮತ್ತು ಕೊಳೆಯನ್ನು ಗಮನಿಸಬೇಕು. ತುಕ್ಕು ಎಲ್ಲೆಡೆ ಒಂದೇ ಬಣ್ಣದಲ್ಲಿರುವುದಿಲ್ಲ. ನೀರು ಸೋರುವ ಕಡೆ ಸುಣ್ಣದಂಥ ಬಿಳಿಯ ಕಲೆ, ಎಣ್ಣೆ ಬೀಳುವ ಕಡೆ ಹೊಳೆಯುವ ಕಪ್ಪು, ಬಿಸಿ ತಾಗುವ ಹೊಗೆಪೆಟ್ಟಿಗೆಯ ಮೇಲೆ ಮಂಕಾದ ಬೂದು. ಇವುಗಳ ಜಾಗ ಗೊತ್ತಿದ್ದರೆ ಮಾದರಿ ದುಡಿಯುವ ಯಂತ್ರದಂತೆ ಕಾಣುತ್ತದೆ. ಎಂಜಿನ್ ಜೊತೆಗೆ ಸುತ್ತಲಿನ ಕೆಲಸದ ಮೇಜು, ಲೇತ್, ಗೋಡೆಗೆ ಒರಗಿಸಿದ ಚಕ್ರಗಳು, ನೆಲದ ಮೇಲಿನ ಮರದ ದಿಮ್ಮಿಗಳನ್ನೂ ದಾಖಲಿಸಿಕೊಂಡರೆ ಕಾರ್ಯಾಗಾರವನ್ನೇ ಒಂದು ಮಾದರಿಯಾಗಿ ಕಟ್ಟಲು ಸಾಧ್ಯ.

ಕೊನೆಯದಾಗಿ, ಅನುಮತಿ ಇಲ್ಲದೆ ಏನನ್ನೂ ಮುಟ್ಟಬಾರದು. ಕಾರ್ಯಾಗಾರದಲ್ಲಿ ಭಾರದ ವಸ್ತುಗಳು ತೂಗಾಡುತ್ತಿರುತ್ತವೆ, ಬೆಸುಗೆಯ ಕಿಡಿ ಹಾರುತ್ತಿರುತ್ತದೆ. ಗಟ್ಟಿಯಾದ ಮುಚ್ಚಿದ ಪಾದರಕ್ಷೆ ಧರಿಸುವುದು ಮತ್ತು ಕೆಲಸಗಾರರ ಸೂಚನೆಯನ್ನು ಪಾಲಿಸುವುದು ಕಡ್ಡಾಯ.

ಹಳಿಯ ಅಗಲದ ಲೆಕ್ಕಾಚಾರ

ಅಳತೆಗಳು ಸಿಕ್ಕ ಮೇಲೆ ಅವನ್ನು ಎಷ್ಟು ಪಾಲು ಕುಗ್ಗಿಸಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಮಾದರಿ ತಯಾರಿಕೆಯಲ್ಲಿ ಇದನ್ನು ನಿರ್ಧರಿಸುವುದು ಬಹುತೇಕ ಮಾರುಕಟ್ಟೆಯಲ್ಲಿ ದೊರೆಯುವ ಹಳಿಯ ಅಗಲ.

ಫೆಸ್ಟಿನಿಯಾಗ್ ರೈಲ್ವೆಯ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ 597 ಮಿ.ಮೀ. ಇದನ್ನು ತಯಾರಿಸುವವರಲ್ಲಿ ಎರಡು ಪದ್ಧತಿಗಳು ಜನಪ್ರಿಯ. ಮೊದಲನೆಯದರಲ್ಲಿ ಒಂದು ಅಡಿಯನ್ನು 16 ಮಿ.ಮೀ.ಗೆ ಕುಗ್ಗಿಸಿ, 32 ಮಿ.ಮೀ. ಅಗಲದ ಹಳಿಯನ್ನು ಬಳಸುತ್ತಾರೆ. ಇದು ಸುಮಾರು 19ರಲ್ಲಿ ಒಂದು ಪಾಲು. 32 ಮಿ.ಮೀ. ಹಳಿ ನಿಜವಾದ ಅಳತೆಯಲ್ಲಿ ಎರಡು ಅಡಿಗೆ ಸಮನಾಗುವುದರಿಂದ ಫೆಸ್ಟಿನಿಯಾಗ್ ಎಂಜಿನ್‌ಗೆ ಇದು ಬಹುತೇಕ ಸರಿಹೊಂದುತ್ತದೆ. ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ. ಈ ಗಾತ್ರದ ಮಾದರಿಗಳು ಮನೆಯ ಹಿತ್ತಿಲಲ್ಲಿ ನಿಜವಾದ ಉಗಿಯಿಂದಲೇ ಓಡುತ್ತವೆ.

ಎರಡನೆಯದರಲ್ಲಿ ಒಂದು ಅಡಿಯನ್ನು 4 ಮಿ.ಮೀ.ಗೆ, ಅಂದರೆ ಸುಮಾರು 76ರಲ್ಲಿ ಒಂದು ಪಾಲಿಗೆ ಕುಗ್ಗಿಸಿ, 9 ಮಿ.ಮೀ. ಹಳಿಯ ಮೇಲೆ ಓಡಿಸುತ್ತಾರೆ. ನ್ಯಾಯವಾಗಿ ಹಳಿಯ ಅಗಲ 7.8 ಮಿ.ಮೀ. ಇರಬೇಕು. ಆದರೆ ಬೇರೊಂದು ಜನಪ್ರಿಯ ಪದ್ಧತಿಗಾಗಿ ತಯಾರಾಗುವ 9 ಮಿ.ಮೀ. ಹಳಿ ಮತ್ತು ಮೋಟಾರುಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದರಿಂದ ಹವ್ಯಾಸಿಗಳು ಈ ರಾಜಿಗೆ ಒಪ್ಪಿಕೊಂಡಿದ್ದಾರೆ. ಊಟದ ಮೇಜಿನ ಮೇಲೆಯೇ ಒಂದು ಊರು, ಒಂದು ನಿಲ್ದಾಣ, ಒಂದು ಬೆಟ್ಟ ಕಟ್ಟಲು ಈ ಗಾತ್ರ ಅನುಕೂಲ.

ಕುಗ್ಗಿಸುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಉದ್ದ 19ರಲ್ಲಿ ಒಂದು ಪಾಲಾದರೆ, ತಗಡಿನ ವಿಸ್ತೀರ್ಣ 361ರಲ್ಲಿ ಒಂದು ಪಾಲಾಗುತ್ತದೆ, ಗಾತ್ರ ಮತ್ತು ತೂಕ 6,859ರಲ್ಲಿ ಒಂದು ಪಾಲಾಗುತ್ತವೆ. 24 ಟನ್ ತೂಗುವ ಎಂಜಿನ್‌ನ ಮಾದರಿ ಈ ಲೆಕ್ಕದಲ್ಲಿ ಕೇವಲ ಮೂರೂವರೆ ಕಿಲೋ ತೂಗಬೇಕು. ಅದೇ 76ರ ಪಾಲಿನಲ್ಲಿ 6 ಮಿ.ಮೀ. ದಪ್ಪದ ತಗಡು 0.08 ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ತೆಳುವಾದ ಹಿತ್ತಾಳೆ ಕೈ ತಾಗಿದರೆ ಮಡಚಿಕೊಳ್ಳುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ತೆಳುವಾಗಿ ಅರೆದು, ಒಳಭಾಗವನ್ನು ದಪ್ಪವಾಗಿಯೇ ಉಳಿಸುವುದು ರೂಢಿ.

ನೀರು ಮಾತ್ರ ಯಾವ ಗಾತ್ರದಲ್ಲಿಯೂ ತನ್ನ ಸ್ವಭಾವವನ್ನು ಬಿಡುವುದಿಲ್ಲ. ಪುಟ್ಟ ಬಾಯ್ಲರ್‌ನಲ್ಲಿಯೂ ಉಗಿ ಒತ್ತಡವನ್ನು ಉಂಟುಮಾಡುತ್ತದೆ. ಹಿತ್ತಿಲಿನ ಉಗಿ ಮಾದರಿಗಳು ಚದರ ಅಂಗುಲಕ್ಕೆ ಸಾಮಾನ್ಯವಾಗಿ 40 ಪೌಂಡ್ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಸುರಕ್ಷಾ ಕವಾಟವಿಲ್ಲದ, ಪರೀಕ್ಷೆಗೆ ಒಳಪಡದ ಬಾಯ್ಲರ್ ಆಟಿಕೆಯಷ್ಟು ಚಿಕ್ಕದಾಗಿದ್ದರೂ ಅಪಾಯಕಾರಿ. ಹೊಸಬರು ವಿದ್ಯುತ್ ಮೋಟಾರಿನ ಮಾದರಿಯಿಂದ ಆರಂಭಿಸುವುದೇ ಕ್ಷೇಮ.

ನಮ್ಮ ನೆಲದ ಅಳತೆಗಳು

ಭಾರತದ ರೈಲುಗಳನ್ನು ಮಾದರಿಗೆ ಇಳಿಸುವವರಿಗೆ ಈ ಲೆಕ್ಕಾಚಾರ ಇನ್ನೂ ಮುಖ್ಯ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅಗಲದ್ದು. ಪಾಶ್ಚಾತ್ಯ ದೇಶಗಳಲ್ಲಿ ವ್ಯಾಪಕವಾಗಿರುವ 1,435 ಮಿ.ಮೀ. ಗೇಜ್‌ಗಾಗಿ ತಯಾರಾಗುವ 16.5 ಮಿ.ಮೀ. ಹಳಿಯನ್ನು 87ರಲ್ಲಿ ಒಂದು ಪಾಲಿನ ಭಾರತೀಯ ಎಂಜಿನ್‌ಗೆ ಬಳಸಿದರೆ ಹಳಿ ಸುಮಾರು 3 ಮಿ.ಮೀ.ನಷ್ಟು ಕಿರಿದಾಗುತ್ತದೆ. ಎಂಜಿನ್‌ನ ಅಗಲವಾದ ಮೈ ಇಕ್ಕಟ್ಟಾದ ಕಾಲುಗಳ ಮೇಲೆ ನಿಂತಂತೆ ಕಾಣುವುದು ಈ ಕಾರಣಕ್ಕೆ. ಅದೇ ಹಳಿಯ ಮೇಲೆ ನೂರರಲ್ಲಿ ಒಂದು ಪಾಲಿನ ಮಾದರಿ ನಿಲ್ಲಿಸಿದರೆ ಬಹುತೇಕ ಸರಿಯಾಗುತ್ತದೆ. ಆದರೆ ಆ ಅಳತೆಯ ಬಿಡಿಭಾಗಗಳನ್ನು ಸ್ವತಃ ತಯಾರಿಸಿಕೊಳ್ಳಲು ಸಿದ್ಧರಿರಬೇಕು.

ಬೆಟ್ಟದ ರೈಲುಗಳ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. 1881ರಲ್ಲಿ ಆರಂಭವಾದ ಡಾರ್ಜಿಲಿಂಗ್ ರೈಲ್ವೆಯ ಗೇಜ್ ಸರಿಯಾಗಿ ಎರಡು ಅಡಿ, ಅಂದರೆ 610 ಮಿ.ಮೀ. ಆದ್ದರಿಂದ 32 ಮಿ.ಮೀ. ಹಳಿಗೆ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಡಾರ್ಜಿಲಿಂಗ್ ಎಂಜಿನ್‌ನ ಮಾದರಿಗಳು ಬ್ರಿಟನ್ನಿನ ಹಿತ್ತಿಲುಗಳಲ್ಲಿ ಜನಪ್ರಿಯವಾಗಿರಲು ಇದೂ ಒಂದು ಕಾರಣ.

ಕರ್ನಾಟಕದ ಪ್ರವಾಸಿಗರಿಗೆ ಹೆಚ್ಚು ಪರಿಚಿತವಾದುದು ಊಟಿಯ ರೈಲು. ಮೆಟ್ಟುಪಾಳಯಂನಿಂದ ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ತಲುಪಿದ ನೀಲಗಿರಿ ರೈಲ್ವೆ 2005ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಪಡೆಯಿತು. ಇದು ಮೀಟರ್‌ಗೇಜ್ ಮಾರ್ಗ. ಇದಕ್ಕೆ 45 ಮಿ.ಮೀ. ಹಳಿಯ ಮೇಲೆ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲಿನ ಮಾದರಿ ಸರಿಹೊಂದುತ್ತದೆ. ಇಲ್ಲಿನ ಎಕ್ಸ್ ವರ್ಗದ ಎಂಜಿನ್ ಮಾದರಿ ತಯಾರಕರಿಗೆ ಒಂದು ಸವಾಲು. ಅದಕ್ಕೆ ನಾಲ್ಕು ಸಿಲಿಂಡರ್‌ಗಳಿವೆ. ಕೆಳಗಿನ ಜೋಡಿ ಸಾಮಾನ್ಯ ಚಕ್ರಗಳನ್ನು ತಿರುಗಿಸಿದರೆ, ಮೇಲಿನ ಜೋಡಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಹಿಡಿದು ಏರುವ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಕಡಿದಾದ ಏರಿನಲ್ಲಿ ಕೆಳಗಿನ ಸಿಲಿಂಡರ್‌ನಲ್ಲಿ ಬಳಕೆಯಾದ ಉಗಿಯೇ ಮೇಲಿನದಕ್ಕೆ ಹೋಗಿ ಎರಡನೇ ಬಾರಿ ದುಡಿಯುತ್ತದೆ. ಹಲ್ಲುಗಾಲಿಗೆ ಶಕ್ತಿ ಗೇರ್ ಮೂಲಕ ಹೋಗುವುದರಿಂದ ಮೇಲಿನ ಮತ್ತು ಕೆಳಗಿನ ದಂಡಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಇದನ್ನು ನಿಂತ ಎಂಜಿನ್ ನೋಡಿ ಊಹಿಸುವುದು ಕಷ್ಟ.

ಬಾಸ್ಟನ್ ಲಾಡ್ಜ್‌ನಂತೆ ಇಲ್ಲಿಯೂ ಕಟ್ಟುವ ವಿದ್ಯೆ ಇನ್ನೂ ಉಳಿದಿದೆ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಕಳೆದ ದಶಕದಲ್ಲಿ ನೀಲಗಿರಿಗಾಗಿ ತೈಲದಿಂದ ಓಡುವ ಹೊಸ ಎಕ್ಸ್ ವರ್ಗದ ಎಂಜಿನ್‌ಗಳನ್ನೂ, 2021ರಲ್ಲಿ ಕಲ್ಲಿದ್ದಲಿನಿಂದ ಓಡುವ ಎಂಜಿನ್ ಒಂದನ್ನೂ ನಿರ್ಮಿಸಿಕೊಟ್ಟಿತು. ಆದರೆ ಭಾರತೀಯ ರೈಲ್ವೆಯ ಕಾರ್ಯಾಗಾರಗಳು ಪ್ರದರ್ಶನದ ತಾಣಗಳಲ್ಲ. ಒಳಹೋಗಲು, ಚಿತ್ರ ತೆಗೆಯಲು ಆಡಳಿತದ ಮುಂಗಡ ಅನುಮತಿ ಅಗತ್ಯ.

ಅಳೆಯದೆ ಕಳೆದುಹೋದದ್ದು

ಕರ್ನಾಟಕದ ಸ್ಥಿತಿ ಬೇರೆಯೇ ಆಗಿದೆ. ಹಳೆಯ ಮೈಸೂರು ಸೀಮೆಯ ಬಹುಪಾಲು ಮಾರ್ಗಗಳು ಮೀಟರ್‌ಗೇಜ್ ಆಗಿದ್ದವು. 1992ರಲ್ಲಿ ದೇಶದಾದ್ಯಂತ ಆರಂಭವಾದ ಏಕಗೇಜ್ ಯೋಜನೆಯ ನಂತರ ಅವು ಒಂದೊಂದಾಗಿ ಬ್ರಾಡ್‌ಗೇಜ್ ಆದವು. 1979ರಲ್ಲಿ ಆರಂಭವಾದ ಹಾಸನ–ಮಂಗಳೂರು ಘಾಟಿ ಮಾರ್ಗ 1996ರಲ್ಲಿ ಪರಿವರ್ತನೆಗಾಗಿ ಮುಚ್ಚಿ, 2006ರಲ್ಲಿ ಸರಕು ಸಾಗಣೆಗೂ 2007ರಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆಯಿತು. ಪ್ರಯಾಣಿಕರಿಗೂ ಸರಕು ಸಾಗಣೆಗೂ ಇದರಿಂದ ಅನುಕೂಲವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಲದ ಡಬ್ಬಿ, ಸಿಗ್ನಲ್, ನೀರಿನ ಕಂಬ, ತಿರುಗುಮಣೆಗಳ ಅಳತೆಗಳನ್ನು ಇಂದು ಹುಡುಕಹೊರಟರೆ ವಸ್ತುವೇ ಇಲ್ಲದ ಸಂದರ್ಭಗಳು ಎದುರಾಗುತ್ತವೆ.

ಬೆಂಗಳೂರಿನ ಉತ್ತರಕ್ಕೆ ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಗೆ ಓಡುತ್ತಿದ್ದ ನ್ಯಾರೋಗೇಜ್ ರೈಲಿನದ್ದೂ ಇದೇ ಕಥೆ. ಅದರ ಗೇಜ್ 762 ಮಿ.ಮೀ. ಇದನ್ನು 87ರಿಂದ ಭಾಗಿಸಿದರೆ 8.76 ಮಿ.ಮೀ. ಬರುತ್ತದೆ. ಅಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 9 ಮಿ.ಮೀ. ಹಳಿ ಫೆಸ್ಟಿನಿಯಾಗ್‌ಗಿಂತಲೂ ಕೋಲಾರದ ರೈಲಿಗೇ ಚೆನ್ನಾಗಿ ಹೊಂದುತ್ತದೆ. ನಂದಿಬೆಟ್ಟದ ಬುಡದಲ್ಲಿರುವ ನಂದಿ ಹಾಲ್ಟ್‌ನ ಹಳೆಯ ನಿಲ್ದಾಣ ಕಟ್ಟಡ ಇಂದಿಗೂ ನಿಂತಿದೆ. ಅದರ ಮುಂದೆ ಪುಟ್ಟ ರೈಲೊಂದನ್ನು ಮೇಜಿನ ಮೇಲೆ ಮತ್ತೆ ನಿಲ್ಲಿಸಲು ಹಳಿಯ ಲೆಕ್ಕ ಅಡ್ಡಿಯಾಗುವುದಿಲ್ಲ. ಬೇಕಾಗಿರುವುದು ಆ ರೈಲನ್ನು ಬಲ್ಲವರ ನೆನಪು ಮತ್ತು ಉಳಿದಿರುವ ವಸ್ತುಗಳ ಅಳತೆ.

ಉಳಿದಿರುವುದನ್ನು ನೋಡಲು ಮೊದಲ ತಾಣ 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಮೀಟರ್‌ಗೇಜ್ ಕಾಲದ ಎಂಜಿನ್‌ಗಳ ಜೊತೆಗೆ 1899ರ ಮಹಾರಾಣಿಯವರ ಸಲೂನ್ ಗಾಡಿ ಅಲ್ಲಿದೆ. ಇಲ್ಲಿನ ಎಂಜಿನ್‌ಗಳು ಯಾರ್ಕ್‌ನ ಎಂಜಿನ್‌ನಂತೆ ಹೊರಗಿನ ಆಕಾರವನ್ನು ಮಾತ್ರ ತೋರಿಸಬಲ್ಲವು. ಒಳಗಿನ ಸಂಗತಿ ಗೊತ್ತಿರುವುದು ಒಂದು ಕಾಲದಲ್ಲಿ ಅವುಗಳ ಬಾಯ್ಲರ್ ತೊಳೆದ, ಬೇರಿಂಗ್ ಬದಲಿಸಿದ, ಬೆಂಕಿ ಹಾಕಿದ ನೌಕರರಿಗೆ. ಅವರೆಲ್ಲರೂ ಈಗ ನಿವೃತ್ತರು, ಹಿರಿಯ ವಯಸ್ಸಿನವರು.

ಮಾದರಿ ತಯಾರಿಕೆಯನ್ನು ಮಕ್ಕಳಾಟ ಎಂದು ಕಡೆಗಣಿಸುವವರು ಗಮನಿಸಬೇಕಾದ ಅಂಶ ಇದು. ಸರಿಯಾದ ಅಳತೆಯಲ್ಲಿ, ಒಂದು ನಿರ್ದಿಷ್ಟ ವರ್ಷಕ್ಕೆ ನಿಷ್ಠವಾಗಿ ಕಟ್ಟಿದ ಮಾದರಿ ಮೂರು ಆಯಾಮಗಳ ದಾಖಲೆಯೂ ಹೌದು. ಅದಕ್ಕಾಗಿ ಬರೆದಿಟ್ಟ ಟಿಪ್ಪಣಿ ಪುಸ್ತಕದ ಮೌಲ್ಯ ಕೆಲವೊಮ್ಮೆ ಮಾದರಿಗಿಂತಲೂ ಹೆಚ್ಚು. ವೇಲ್ಸ್‌ನಲ್ಲಿ ಅಳೆಯಬೇಕಾದ ಎಂಜಿನ್ ನಾಳೆಯೂ ಕಾರ್ಯಾಗಾರಕ್ಕೆ ಬರುತ್ತದೆ. ಕರ್ನಾಟಕದ ಹವ್ಯಾಸಿಗೆ ಆ ಸೌಲಭ್ಯವಿಲ್ಲ. ಇಲ್ಲಿ ಕೆಲಸ ಆರಂಭಿಸುವವರು ಅಳತೆಪಟ್ಟಿಯ ಜೊತೆಗೆ ಧ್ವನಿಮುದ್ರಣದ ಸಾಧನವನ್ನೂ ಒಯ್ಯಬೇಕು. ಮೈಸೂರಿನ ವಸ್ತುಸಂಗ್ರಹಾಲಯದ ಜೊತೆಗೆ ನಿವೃತ್ತ ರೈಲ್ವೆ ನೌಕರರ ಮನೆಗಳಿಗೂ ಹೋಗಬೇಕು.